ಸೇತುವೆಗೆ ಹಾಕಬೇಕಾದ ನೀರು

ಎರಡನೆಯ ಟಿಪ್ಪರ್ ಹಳ್ಳದ ಹೊಸ ಸೇತುವೆಯ ಮೇಲೆ ಬಂದು ನಿಂತಾಗ ಮುಕ್ತಾಬಾಯಿ ಕೂತಲ್ಲಿಂದ ಎದ್ದಳು. ಮೂರನೆಯದು ಅವಳ ಅಣ್ಣ ದಿಗಂಬರನದು. ನಟ್ಟನಡುವೆ ನಿಲ್ಲಬೇಕಾದದ್ದೂ ಅದೇ. ಜಲ್ಲಿಕಲ್ಲಿನ ಕಡಿ ತುಂಬಿಕೊಂಡು ತುರೋರಿ ಊರಿನ ಕಡೆಯ ಇಳಿಜಾರಿನಲ್ಲಿ ಗುರುಗುಡುತ್ತಿತ್ತು.

ಸೇತುವೆಯ ಪರೀಕ್ಷೆ ನೋಡಲು ಪುಣೆಯಿಂದ ಅದನ್ನು ಕಟ್ಟಿದ ಕಂಪನಿಯ ದೊಡ್ಡ ಸಾಹೇಬರು ಬಂದಿದ್ದರು. ಭಾರ ಹೊತ್ತ ಟಿಪ್ಪರ್‌ಗಳನ್ನು ಸೇತುವೆ ತಡೆದುಕೊಂಡರೆ ನಿಲಂಗಾದಿಂದ ಉದಗೀರದವರೆಗಿನ ರಸ್ತೆಯೂ ಕಂಪನಿಗೇ ಸಿಗುತ್ತದಂತೆ. ಇಂಜಿನಿಯರ್ ಸೂರ್ಯಕಾಂತ ವಾರದಿಂದ ಅದನ್ನೇ ಹೇಳುತ್ತಿದ್ದ. "ಆ ದಾರ್ಯಾಗ ಇಂಥಾವು ಹದಿನೆಂಟ ಪೂಲ ಅದಾವ. ಕಂಪನಿ ಎರಡ ಪಟ್ಟ ಬೆಳೀತದ. ಐದ ವರ್ಷ ಯಾರೂ ಊರ ಬಿಡೂದ ಬ್ಯಾಡ." ಮಳೆ ಕೈಕೊಟ್ಟ ಎರಡನೆಯ ವರ್ಷ ಅದು. ಊರಿನ ಅರ್ಧ ಜನ ಆಗಲೇ ಕಂಪನಿಯ ಕೆಲಸಕ್ಕೆ ಬರುತ್ತಿದ್ದರು.

ಮುಕ್ತಾಳ ಕೆಲಸ ಸೇತುವೆಗೆ ನೀರು ಹಾಕುವುದು. ಹೊಸ ಕಾಂಕ್ರೀಟು ಹದಿನಾಲ್ಕು ದಿನ ಹಸಿಯಾಗಿರಬೇಕು, ಇಲ್ಲದಿದ್ದರೆ ಗಟ್ಟಿಯಾಗುವುದಿಲ್ಲ. ಗೋಣಿತಟ್ಟು ಹಾಸಿ ಹಗಲೆಲ್ಲ ನೆನೆಸುತ್ತಿರಬೇಕು. ಎರಡನೆಯ ದಿನವೇ ನೆರೆಮನೆಯ ಕಸ್ತೂರಬಾಯಿ ಕೊಡ ಹಿಡಿದು ಕಂಪನಿಯ ಟ್ಯಾಂಕರ್ ಹತ್ತಿರ ಬಂದಿದ್ದಳು.

"ಕಲ್ಲಿಗಿ ಕುಡಸ್ತಿ, ಮನಷ್ಯಾರಿಗಿ ಕೊಡಂಗಿಲ್ಲೇನ ಹುಡಗಿ?"

ಯಾರಿಗೂ ಇಲ್ಲ ಎನ್ನಲು ಬಾರದ ಮುಕ್ತಾ ನಳ ಬಿಟ್ಟಳು. ಮರುದಿನ ಹತ್ತು ಕೊಡ, ಅದರ ಮರುದಿನ ಓಣಿಯೇ ಬಂತು. ಊರಿಗೆ ಸರ್ಕಾರದ ಟ್ಯಾಂಕರ್ ಬರುವವರೆಗೆ, ಆರು ದಿನ, ಅವಳು ಉಳಿದ ನೀರಿನಲ್ಲಿ ರಸ್ತೆಗೆ ಕಾಣುವ ಸಾಲಿನ ತಟ್ಟುಗಳನ್ನಷ್ಟೇ ನೆನೆಸಿದಳು. ನಡುವಿನವು ಒಣಗಿದ ಕಟಿ ರೊಟ್ಟಿಯಂತೆ ಸೆಟೆದುಕೊಂಡವು. ನಿನ್ನೆ ತಟ್ಟು ಎತ್ತುವಾಗ ಅಲ್ಲಿ ಕೂದಲೆಳೆಯಂಥ ಬಿರುಕುಗಳನ್ನು ಕಂಡಳು. ಯಾರಿಗೂ ಹೇಳಲಿಲ್ಲ. ರಾತ್ರಿ ನಿದ್ದೆಯೂ ಬರಲಿಲ್ಲ.

ಸೂರ್ಯಕಾಂತ ಹಸಿರು ಬಾವುಟ ಬೀಸಿದ. ದಿಗಂಬರನ ಟಿಪ್ಪರ್ ಕದಲಿತು. ತಾನೇನು ಮಾಡುತ್ತಿದ್ದೇನೆಂದು ಮುಕ್ತಾಳಿಗೇ ತಿಳಿಯಲಿಲ್ಲ, ಓಡಿ ಹೋಗಿ ಅದರ ಮೂತಿಯ ಮುಂದೆ ನಿಂತಿದ್ದಳು.

ದಿಗಂಬರ ಕಿಟಕಿಯಿಂದ ತಲೆ ಹಾಕಿದ. "ಏ ಮುಕ್ತಿ! ಹುಚ್ಚ ಹಿಡದದೇನ? ಬಾಜೂಕ ಸರಿ!"

ಸೂರ್ಯಕಾಂತ ಧಾವಿಸಿ ಬಂದ. ಅವನ ಮುಖ ನೋಡಿ ಅವಳೆಂದೂ ಮಾತಾಡಿದವಳಲ್ಲ. ಅವನ ಬೂಟು ನೋಡುತ್ತಲೇ ಹೇಳಿದಳು, "ನಾ ನೀರ ಹಾಕಿಲ್ರೀ. ಆರ ದಿನಾ. ನಡಬರಕ ಬಿರಕ ಬಿಟ್ಟದ."

ಅವನ ಬಣ್ಣ ಇಳಿಯಿತು. "ಬಾಯಿ ಮುಚ್ಚ," ಎಂದು ಪಿಸುಗುಟ್ಟಿದ.

"ಕಾಯ ಝಾಲಂ?" ಏನಾಯಿತೆಂದು ಸಾಹೇಬರು ದೂರದಿಂದಲೇ ಕೇಳಿದರು.

ಅಣ್ಣನ ಬಗ್ಗೆ ಹೆದರಿಕೊಂಡಿದ್ದಾಳೆ, ಬೇರೇನಿಲ್ಲ ಎಂದು ಸೂರ್ಯಕಾಂತ ಮರಾಠಿಯಲ್ಲಿ ಹೇಳಿ ನಕ್ಕ. ಸಾಹೇಬರೂ ನಕ್ಕರು. ಈ ಹುಡುಗಿಗೆ ಮರಾಠಿ ಬರುತ್ತದೆಂದು ಸೂರ್ಯಕಾಂತನಿಗೆ ಗೊತ್ತು, ಈ ಸೀಮೆಯಲ್ಲಿ ಯಾರಿಗೆ ಬರುವುದಿಲ್ಲ? ಅವನು ನಂಬಿದ್ದು ಅವಳ ನಾಚಿಕೆಯನ್ನು. ಬಾವುಟ ಮತ್ತೆ ಮೇಲೆದ್ದಿತು.

ಮುಕ್ತಾ ಟಿಪ್ಪರ್ ಮುಂದಿನಿಂದ ಸರಿಯಲಿಲ್ಲ. ಐದನೆಯ ಇಯತ್ತೆಯಲ್ಲಿ ಬಿಟ್ಟ ಶಾಲೆಯ ಮರಾಠಿಯಲ್ಲಿ ಅವಳು ಆರು ದಿನದ ಅದೇ ಮಾತನ್ನು ಕೂಗಿಯೇ ಹೇಳಿದಳು: "ಪಾಣೀ ಟಾಕಲಂ ನಾಹೀ, ಸಾಹೇಬ! ಸಹಾ ದಿವಸ!"

ಸಾಹೇಬರ ನಗು ನಿಂತಿತು. ತಾವೇ ನಡುವಿನವರೆಗೆ ನಡೆದು, ಬಗ್ಗಿ, ಬಿರುಕಿನ ಮೇಲೆ ಉಗುರು ಎಳೆದರು. ಎದ್ದು ಎರಡೂ ಟಿಪ್ಪರ್‌ಗಳನ್ನು ಹಿಂದಕ್ಕೆ ತೆಗೆಸಿದರು. ಕಾಂಕ್ರೀಟು ಕೊರೆದು ನೋಡುವವರೆಗೆ ಪರೀಕ್ಷೆ ಇಲ್ಲ ಎಂದರು. ಆಮೇಲೆ ಅವಳತ್ತ ತಿರುಗಿ, ನೀರು ಯಾರು ಒಯ್ದರು ಎಂದು ಕೇಳಿದರು.

ಹಳ್ಳದ ದಂಡೆಯ ಮೇಲೆ ಕಸ್ತೂರಬಾಯಿ ಸೆರಗು ಬಾಯಿಗೆ ಒತ್ತಿ ನಿಂತಿದ್ದಳು. ಮುಕ್ತಾ ಆ ಕಡೆ ನೋಡಲಿಲ್ಲ. "ಮೀ," ನಾನೇ ಒಯ್ದೆ ಎಂದಳು.

ಆರು ದಿನದ ಟ್ಯಾಂಕರ್ ನೀನೊಬ್ಬಳೇ ಕುಡಿದೆಯಾ ಎಂದು ಸಾಹೇಬರು ಮರಾಠಿಯಲ್ಲೇ ಕೇಳಿದರು.

ಅವಳು ಹೌದೆಂದು ತಲೆಯಾಡಿಸಿದಳು. ಅವರು ದಂಡೆಯ ಮೇಲೆ ನಿಂತವರತ್ತ ಒಮ್ಮೆ ನೋಡಿದರು. ನಾಳೆಯಿಂದ ಬರಬೇಡ ಎಂದು ಹೇಳಿ ಜೀಪು ಹತ್ತಿದರು.

ದಿಗಂಬರ ಟಿಪ್ಪರ್‌ನಿಂದ ಧುಮುಕಿ ಬಂದು ಅವಳ ತೋಳು ಹಿಡಿದು ಅಲ್ಲಾಡಿಸಿದ. "ಐದ ವರ್ಷದ ಅನ್ನ ಒದ್ದಿ, ಕಳ್ಳಿ! ಊರಾಗ ಹ್ಯಾಂಗ ಮಾರಿ ತೋರಸಲಿ? ಉದಗೀರೂ ಹೋತು, ನಿಲಂಗಾನೂ ಹೋತು!" ಅವನು ಬೈಯುತ್ತಲೇ ಇದ್ದ. ಓಣಿಯವರು ನಾಳೆ ಏನೆನ್ನುವರೋ ಎಂಬ ಹೆದರಿಕೆ ಅವಳಿಗೆ ಇತ್ತು. ಆದರೂ ಒಂದು ಬೈಗುಳವನ್ನೂ ಬಿಡದೆ ಕೇಳಿಸಿಕೊಂಡಳು. ಅವನ ದನಿ ನಿಲ್ಲದಿರಲಿ ಎಂದುಕೊಂಡಳು.