ಎಂಟು ಹಗ್ಗದ ಜಡೆ

ಶಿವಮ್ಮನಿಗೆ ತಾಳಜ್ಞಾನ ಇರಲಿಲ್ಲ. ತನ್ನ ಜೋಡಿಯ ಕಾಲು ನೋಡಿಕೊಂಡು ಹೆಜ್ಜೆ ಹಾಕುತ್ತಿದ್ದಳು. ಜೋಡಿ ಚಿಕ್ಕಮಾದಮ್ಮ.

ಐವತ್ತೈದನೇ ಇಸವಿಯಲ್ಲಿ ಗುಂಡ್ಲುಪೇಟೆಯ ಒಂದು ಶಾಲೆಯಲ್ಲಿ ಎಂಟು ಹುಡುಗಿಯರು ಜಡೆಕೋಲಾಟ ಕಲಿಯುತ್ತಿದ್ದರು. ಕಂಬದ ತುದಿಯಿಂದ ಎಂಟು ಬಣ್ಣದ ಹಗ್ಗ ಇಳಿಬಿಟ್ಟಿತ್ತು. ಒಬ್ಬೊಬ್ಬಳು ಒಂದೊಂದನ್ನು ಹಿಡಿದು, ನಾಲ್ವರು ಬಲಕ್ಕೆ, ನಾಲ್ವರು ಎಡಕ್ಕೆ ಸುತ್ತುತ್ತ, ಎದುರಾದವಳ ಕೋಲಿಗೆ ಕೋಲು ಕೊಟ್ಟು ದಾಟಬೇಕು. ಆಗ ಮೇಲೆ ಜಡೆ ಹೆಣೆದುಕೊಳ್ಳುತ್ತದೆ. ಚಾಮರಾಜನಗರದಲ್ಲಿ ಶಾಲೆಗಳ ಪಂದ್ಯವಿತ್ತು. ಮೊದಲ ಹೆಜ್ಜೆ ಎತ್ತುವ ಜಾಗವನ್ನು ಸೋಮಯ್ಯ ಮೇಷ್ಟ್ರು ಚಿಕ್ಕಮಾದಮ್ಮನಿಗೆ ಕೊಟ್ಟರು.

"ಆ ಕಾಲು ನೋಡ್ರಮ್ಮಿ. ಹಂಗೆ ಹಾಕ್ಬೇಕು."

ಶಿವಮ್ಮನಿಗೆ ಮೈ ಉರಿಯಿತು. ಅಪ್ಪ ಬೇಗೂರಿನಿಂದ ತಂದ ಹೊಸ ಲಂಗ ಉಟ್ಟು ಬಂದ ದಿನವೂ ಎಲ್ಲರೂ ನೋಡಿದ್ದು ಆ ಕೂಲಿಯವಳ ಮಗಳ ಬರಿಗಾಲನ್ನೇ.

ಚಿಕ್ಕಮಾದಮ್ಮನಿಗೆ ಜನರೆಂದರೆ ಅಂಜಿಕೆ. ತನ್ನನ್ನು ಯಾರೂ ನೋಡುತ್ತಿಲ್ಲ ಎಂದುಕೊಂಡರೆ ಮಾತ್ರ ಕಾಲು ಸಲೀಸಾಗಿ ಆಡುತ್ತಿತ್ತು. ಇದನ್ನು ಶಿವಮ್ಮ ಕಂಡುಕೊಂಡಳು. ಗೆಳತಿಯರನ್ನು ಕಟ್ಟಿಕೊಂಡು ಅವಳ ಕಾಲನ್ನೇ ನೋಡಿ ನಗತೊಡಗಿದಳು.

"ಕೊಕ್ಕರೆ ಬಂತು ಕಣ್ರಮ್ಮಿ!"

"ಮೆಲ್ಲಗೆ ಕಣಮ್ಮಿ, ಹಾರೋಗ್ಬುಟ್ಟಾತು!"

ಚಿಕ್ಕಮಾದಮ್ಮನ ಹೆಜ್ಜೆ ತಡವರಿಸಿತು. ತಡವರಿಸಿದ್ದಕ್ಕೆ ಇನ್ನಷ್ಟು ನಕ್ಕರು. ನಗುತ್ತಾರೆಂದು ಹೆದರಿ ಮರುದಿನ ತಡವಾಗಿ ಬಂದಳು. ತಡವಾಗಿ ಬಂದವಳನ್ನು ತರಗತಿಯೇ ತಿರುಗಿ ನೋಡಿತು. ಹಾಜರಿ ಕೂಗಿದರೆ ಅವಳ ದನಿ ಹೊರಡಲಿಲ್ಲ. ಅದಕ್ಕೂ ನಕ್ಕರು. ಆಮೇಲೆ ಅವಳು ಬರಲೇ ಇಲ್ಲ.

ಪಂದ್ಯಕ್ಕೆ ಎರಡು ದಿನವಿದ್ದಾಗ ಮೇಷ್ಟ್ರು ಶಿವಮ್ಮನನ್ನೇ ಅವಳ ಮನೆಗೆ ಕಳಿಸಿದರು. "ಕರ್ಕೊಂಡು ಬಾ. ನಿನ್ ಜೋಡಿಯಲ್ವಾ."

ತಾಯಿ ಮಲ್ಲಿಗಮ್ಮ ಬಾಗಿಲಲ್ಲಿ ಹುರುಳಿ ಕೇರುತ್ತಿದ್ದಳು.

"ಬಾ ನನ್ನವ್ವ. ಇಸ್ಕೂಲು ಅಂದ್ರೆ ವಾಂತಿ ಮಾಡ್ಕತದೆ ಕಣವ್ವ. ಯಾಕಂತ ಬಾಯ್ಬುಡಕಿಲ್ಲ. ನೀನಾರ ಒಂದ್ಮಾತು ಯೋಳು. ಇತ್ಲಲ್ಲಿ ಅದೆ ನೋಡು."

ಹಿತ್ತಲಲ್ಲಿ ಚಿಕ್ಕಮಾದಮ್ಮ ಒಬ್ಬಳೇ ನುಗ್ಗೆಮರ ಸುತ್ತುತ್ತಿದ್ದಳು. ಕೈಯಲ್ಲಿ ಎರಡು ಸೌದೆ ಕಡ್ಡಿ. ಒಂದು ಹೆಜ್ಜೆಯೂ ತಪ್ಪುತ್ತಿರಲಿಲ್ಲ. ನೋಡುವವರೇ ಇಲ್ಲದ ಕಡೆ ಇಷ್ಟು ಚೆಂದ ಕುಣಿಯುತ್ತಾಳಲ್ಲ ಎಂದು ಶಿವಮ್ಮನಿಗೆ ತಡೆಯಲಾಗಲಿಲ್ಲ. ಕರೆದಿದ್ದರೆ ಬರುತ್ತಿದ್ದಳೋ ಏನೋ. ಶಿವಮ್ಮ ಕರೆಯಲಿಲ್ಲ. ನಗಲೂ ಇಲ್ಲ. ನಿಂತು ಅವಳ ಕಾಲನ್ನೇ ನೋಡಿದಳು.

ಚಿಕ್ಕಮಾದಮ್ಮ ತಿರುಗಿದಳು. ಕಾಲು ನಿಂತವು. ಕಡ್ಡಿ ಬಿಸಾಕಿ ಹುಲ್ಲಿನ ಮೆದೆಯ ಹಿಂದೆ ಹೋಗಿ ಕುಳಿತಳು.

ಶಿವಮ್ಮ ಶಾಲೆಗೆ ವಾಪಸು ಬಂದಳು. "ಬರಾಕಿಲ್ವಂತೆ ಸಾ. ಮುಂದ್ಗಡೆ ನಾನೇ ನಿಂತ್ಕತೀನಿ."

"ಏಳು ಜನಕ್ಕೆ ಜಡೆ ಬೀಳ್ತದಾ?" ಎಂದರು ಮೇಷ್ಟ್ರು. "ಎರಡು ದಿನದಲ್ಲಿ ಇನ್ಯಾರಿಗೆ ಕಲಿಸಲಿ? ಜೋಡಿ ಇಲ್ದೆ ನೀನು ಎಲ್ಲಿ ನಿಂತ್ಕೋತೀಯ? ಹೋಗು, ಕೂತ್ಕೋ."

ಪಂದ್ಯದ ದಿನ ಆರು ಹುಡುಗಿಯರು ಹೂ ಮುಡಿದು ಬಸ್ಸು ಹತ್ತಿದರು. ಶಿವಮ್ಮ ಹೊಸ ಲಂಗ ಉಟ್ಟು ರಸ್ತೆಬದಿಯಲ್ಲಿ ನಿಂತು ನೋಡಿದಳು. ಈಗ ಅವಳ ಹೊಟ್ಟೆಕಿಚ್ಚು ಆರು ಜನರ ಮೇಲೆ.

ಚಿಕ್ಕಮಾದಮ್ಮ ಮತ್ತೆ ಶಾಲೆಗೆ ಬರಲಿಲ್ಲ. ತಾಯಿಯ ಜೊತೆ ಕಳೆ ಕೀಳಲು ಹೋದಳು. ಕಳೆದುಹೋದದ್ದು ಇಷ್ಟು: ಜಡೆಯಿಂದ ಎರಡು ಹಗ್ಗ, ಬಸ್ಸಿನಲ್ಲಿ ಎರಡು ಸೀಟು, ಹಾಜರಿಯಿಂದ ಒಂದು ಹೆಸರು.