ಮೂವತ್ತು ವರ್ಷದ ರಜೆ

ಪುಕ್ಕಟೆ ತಿಂಡಿಗೆಂದು ಹೋದ ಗಂಡ ಹೆಂಡತಿಗೆ ಊಟದ ಹೊತ್ತು ಮೀರಿದರೂ ಆ ಮೇಜು ಬಿಟ್ಟು ಏಳಲಾಗಿರಲಿಲ್ಲ. ಒಂದೂವರೆ ಗಂಟೆ ತಮ್ಮ ಮಾತು ಕೇಳಿದರೆ ಸಂಜೆಯ ಸರ್ಕಸ್ಸಿಗೆ ಎರಡು ಟಿಕೆಟ್ ಎಂದು, ಅವರು ರಜೆಗೆ ಬಂದಿದ್ದ ಒರ್ಲ್ಯಾಂಡೊದ ಒಂದು ರೆಸಾರ್ಟಿನವರು ಹೇಳಿದ್ದರು. ನೇಡೀನ್‌ಗೆ ಸರ್ಕಸ್ಸು ಬೇಕಿರಲಿಲ್ಲ. ಗಂಡ ಹಾರ್ಲನ್‌ಗೆ ಬಿಟ್ಟಿ ಸಿಕ್ಕಿದ್ದನ್ನು ಬಿಟ್ಟು ಅಭ್ಯಾಸವಿಲ್ಲ. ದೂರದ ನೆಬ್ರಾಸ್ಕದ ಚಳಿಯಲ್ಲಿ ಊರವರ ನೆಲಮಾಳಿಗೆಗಳಿಗೆ ಇಳಿದು ಹೀಟರ್ ರಿಪೇರಿ ಮಾಡುತ್ತಲೇ ವಯಸ್ಸಾದವನು ಅವನು.

ಎದುರಿಗೆ ಕೂತಿದ್ದ ಬ್ರೆನನ್ ಎಂಬ ಮಾರಾಟದ ಹುಡುಗನ ಮಾತೆಲ್ಲ ಬೆಣ್ಣೆ.

"ನೀವು ಕೊಳ್ಳೋದು ಮನೆ ಅಲ್ಲ ಸಾರ್, ಪಾಯಿಂಟ್ಸು. ವರ್ಷಾವರ್ಷ ನಿಮ್ಮ ಖಾತೆಗೆ ಬೀಳುತ್ತೆ. ಅದನ್ನ ಕೊಟ್ಟು ನಮ್ಮ ಯಾವ ರೆಸಾರ್ಟಲ್ಲಾದ್ರೂ ಉಳ್ಕೊಳ್ಳಿ. ಮೂವತ್ತು ವರ್ಷ!"

"ನಮಗೆ ಬೇಡಪ್ಪ," ಎಂದಳು ನೇಡೀನ್. ಅದು ಮೊದಲ ಸಲವೇನಲ್ಲ.

"ಬೇಡ ಅನ್ನೋಕೆ ಮುಂಚೆ ಒಂದೇ ಮಾತು ಮೇಡಂ. ಸಾರ್, ನೀವು ಹೇಳಿ. ಮೇಡಮ್ಮನ್ನ ಎಲ್ಲಿಗೆ ಕರ್ಕೊಂಡು ಹೋಗ್ಬೇಕು ಅಂತ ಆಸೆ ಇತ್ತು?"

ಹಾರ್ಲನ್ ಕಾಫಿ ಲೋಟವನ್ನು ತಿರುಗಿಸುತ್ತ ಕೂತ. ಆಮೇಲೆ, ಹೆಂಡತಿಯ ಮುಖ ನೋಡದೆ ಹೇಳಿದ: "ಹೋದ ವರ್ಷ ಇವಳಿಗೆ ಕ್ಯಾನ್ಸರಿನ ಚಿಕಿತ್ಸೆ ನಡೀತಿತ್ತು. ಬದುಕಿದ್ರೆ ವರ್ಷಕ್ಕೊಂದು ಸಮುದ್ರ ತೋರಿಸ್ತೀನಿ ಅಂತ ಅಂದ್ಕೊಂಡಿದ್ದೆ."

ನೇಡೀನ್ ತಟ್ಟನೆ ಅವನತ್ತ ನೋಡಿದಳು. ತನಗೆ ಒಮ್ಮೆಯೂ ಹೇಳದ ಮಾತನ್ನು ಇವನು ಯಾರೋ ಮಾರಾಟದ ಹುಡುಗನ ಮುಂದೆ ಆಡಿಬಿಟ್ಟನಲ್ಲ! ಬ್ರೆನನ್ ಕಣ್ಣು ಒರೆಸಿಕೊಂಡ. ನಿಜವಾಗಿ ನೀರು ಬಂದಿತ್ತೋ ಇಲ್ಲವೋ, ಮರುಕ್ಷಣವೇ ಎದ್ದುಹೋಗಿ ಮ್ಯಾನೇಜರ್ ಹೆಂಗಸನ್ನು ಕರೆತಂದ. ಆಕೆ ಬೆಲೆ ಇಳಿಸಿದಳು, ಇನ್ನೂ ಇಳಿಸಿದಳು. ಇವತ್ತು ಎದ್ದು ಹೋದರೆ ಈ ಬೆಲೆ ನಾಳೆಗಿಲ್ಲ ಎಂದಳು.

"ಮೇಡಂ ಇಷ್ಟೆಲ್ಲಾ ಅನುಭವಿಸಿದ್ದಾರೆ," ಎಂದ ಬ್ರೆನನ್. "ಅವರಿಗೆ ಇಷ್ಟೂ ಮಾಡ್ಬಾರ್ದಾ ಸಾರ್?"

ಹಾರ್ಲನ್ ಹೆಂಡತಿಯತ್ತ ತಿರುಗಿದ. ಬೇಡಿಕೊಳ್ಳುವ ನೋಟ ಅದು. ಮೂವತ್ತು ವರ್ಷ ಬೇಡ ಎಂದರೆ ಏನು ಹೇಳಿದಂತಾಗುತ್ತದೆ ಎಂಬುದು ನೇಡೀನ್‌ಗೆ ಹೊಳೆಯಿತು. ಅಷ್ಟು ದಿನ ನಾನಿರುವುದಿಲ್ಲ ಎಂದು ಈ ಅಪರಿಚಿತರ ಎದುರೇ ಗಂಡನಿಗೆ ಹೇಳಿದಂತೆ. ಅವಳು ಪೆನ್ನು ತೆಗೆದುಕೊಂಡು ಸಹಿ ಹಾಕಿದಳು; ಹಾರ್ಲನ್ ತನ್ನದನ್ನೂ ಹಾಕಿ ಹಣ ಕಟ್ಟಿದ.

ಹೋಟೆಲಿಗೆ ಬಂದದ್ದೇ ಹಾರ್ಲನ್ ಉತ್ಸಾಹದಿಂದ ರೆಸಾರ್ಟಿನ ಬುಕಿಂಗ್ ಆಫೀಸಿಗೆ ಫೋನ್ ಹಚ್ಚಿದ. ಮೇ ತಿಂಗಳಲ್ಲಿ ಸಮುದ್ರದ ದಂಡೆಯ ಕೋಣೆ ಬೇಕು ಎಂದ. ಬರುಬರುತ್ತ ಅವನ ದನಿ ಇಳಿಯಿತು. ಫೋನಿಟ್ಟು ಮಂಚದ ಮೇಲೆ ಕೂತ.

"ಈ ಪಾಯಿಂಟ್ಸಿಗೆ ಸಮುದ್ರ ಬರಲ್ವಂತೆ. ಇನ್ನಷ್ಟು ಕೊಂಡ್ರೆ ನೋಡೋಣ ಅಂತಾಳೆ ಆ ಫೋನಿನವಳು."

ನೇಡೀನ್ ಕನ್ನಡಕ ಹಾಕಿಕೊಂಡು ಅವರು ಕೊಟ್ಟ ಕಾಗದದ ಕಂತೆ ಓದತೊಡಗಿದಳು. ಹತ್ತು ದಿನದೊಳಗೆ ಬೇಡವೆಂದು ಬರೆದು ಕಳಿಸಿದರೆ ಒಪ್ಪಂದ ರದ್ದು, ಹಣ ವಾಪಸ್. ಬ್ರೆನನ್ ಈ ಪುಟವನ್ನು ಮಾತ್ರ ಓದಿ ಹೇಳಿರಲಿಲ್ಲ. ಅವಳು ಆಗಲೇ ಕೂತು ಬರೆದಳು. ಹಾರ್ಲನ್ ತುಟಿ ಬಿಗಿಹಿಡಿದು ಸಹಿಯನ್ನೇನೋ ಮಾಡಿದ, ಆದರೆ ಬೆಳಿಗ್ಗೆ ಅಂಚೆ ಕಚೇರಿಯ ಮುಂದೆ ಕಾರಿನಿಂದ ಇಳಿಯಲಿಲ್ಲ.

"ನಾನು ಕೊಡಿಸಿದ್ದು ಬೇಡ ನಿಂಗೆ."

"ಹಂಗಂದ್ನಾ ನಾನು?"

"ಮತ್ತೆ ಸಹಿ ಯಾಕೆ ಹಾಕ್ದೆ? ಆಗ್ಲೇ ಹೇಳ್ಬೋದಿತ್ತಲ್ಲ."

"ಹೇಳಿದ್ನಲ್ಲೋ! ಬೇಡ ಬೇಡ ಅಂತ ಬಡ್ಕೊಂಡೆ, ಒಬ್ರಾದ್ರೂ ಕಿವಿಗೆ ಹಾಕ್ಕೊಂಡ್ರಾ?" ಅವಳು ಕೈಯಲ್ಲಿದ್ದ ಲಕೋಟೆಯನ್ನು ತಿರುಗಿಸಿದಳು. "ಮೂವತ್ತು ವರ್ಷ ಅಂದ ಅವನು. ನೀನು ನನ್ನ ಮುಖ ನೋಡ್ದೆ. ಅಷ್ಟು ದಿನ ಇರ್ತೀನೋ ಇಲ್ವೋ ಅಂತ ನಾನು ಅಲ್ಲಿ ಹೇಗೆ ಹೇಳ್ಲಿ ಹಾರ್ಲನ್?"

ಅವನು ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ರಸ್ತೆಯತ್ತ ನೋಡುತ್ತಲೇ ಹೇಳಿದ:

"ದುಡ್ಡು ಕಟ್ಟಿಬಿಟ್ರೆ ನೀನು ಇರ್ಲೇಬೇಕಾಗುತ್ತೆ ಅನ್ನಿಸ್ತು. ದಡ್ಡ ನಾನು."

"ದಡ್ಡನೇ," ಎಂದಳು ಅವಳು, ಅಳುತ್ತ.

ಅವನು ಅವಳ ಕೈಯಿಂದ ಲಕೋಟೆ ತೆಗೆದುಕೊಂಡು ಇಳಿದ. ರಿಜಿಸ್ಟರ್ ಮಾಡಿಸಿ ರಸೀದಿ ತಂದು ಅವಳ ಕೈಯಲ್ಲಿಟ್ಟ. ಕಾಗದ ತಲುಪಿದ ದಿನ ಬ್ರೆನನ್ ಫೋನ್ ಮಾಡಿದ, ಮೇಡಮ್ಮನ ಕನಸು ಏನಾಯಿತು ಸಾರ್ ಎಂದ. ಹಾರ್ಲನ್, ಅಷ್ಟು ದೊಡ್ಡ ಗಂಡಸು ಕೆಂಪಗಾಗಿ, ಫೋನನ್ನು ಹೆಂಡತಿಗೆ ಕೊಟ್ಟ. ಅವಳು ಇಟ್ಟುಬಿಟ್ಟಳು.

ಹಣ ಬಂತು, ತಡವಾಗಿ ಬಂತು. ಸಮುದ್ರದ ಮಾತು ಮಾತ್ರ ಮನೆಯಲ್ಲಿ ಮತ್ತೆ ಬರಲಿಲ್ಲ. ಮುಂದಿನ ವರ್ಷ ಎಂದು ಶುರುಮಾಡಿದ ಮಾತನ್ನು ಹಾರ್ಲನ್ ಅರ್ಧಕ್ಕೇ ನುಂಗಿಕೊಳ್ಳುತ್ತಿದ್ದ. ಅದನ್ನು ಕಂಡಾಗಲೆಲ್ಲ ನೇಡೀನ್‌ಗೆ ಆ ಬೆಣ್ಣೆಮಾತಿನ ಹುಡುಗನ ಮೇಲೆ ಸಿಟ್ಟು ಬರುತ್ತಿತ್ತು.

ಅಕ್ಟೋಬರಿನಲ್ಲಿ, ಕ್ಯಾನ್ಸರ್ ಮರಳಿದೆಯೇ ಎಂದು ನೋಡಲು ಅವಳಿಗೆ ಮತ್ತೆ ಸ್ಕ್ಯಾನ್ ಇತ್ತು. ಚಿಕಿತ್ಸೆಯುದ್ದಕ್ಕೂ ಆಸ್ಪತ್ರೆಯ ಹೊರಗೆ ಗಾಡಿಯಲ್ಲೇ ರೇಡಿಯೊ ಕೇಳುತ್ತ ಕೂತಿರುತ್ತಿದ್ದ ಹಾರ್ಲನ್, ಅವತ್ತು ಎಂಜಿನ್ ಆರಿಸಿ ತಾನೂ ಇಳಿದ.

"ಎಲ್ಲಿಗೆ?" ಎಂದಳು ನೇಡೀನ್.

"ಒಳಗೆ. ಡಾಕ್ಟ್ರು ಏನು ಹೇಳ್ತಾರೋ, ನಾನೂ ಕೇಳಿಸ್ಕೋಬೇಕು," ಎಂದ, ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು.