ಏಳನೆಯ ಪ್ರಶ್ನೆ

ಮೈಸೂರಿನಲ್ಲಿ ಕುರ್ಚಿಯ ಮೇಲೆ ಕುಳಿತು ಮಳವಳ್ಳಿ ಹೆಂಗಸರ ಮನಸ್ಸನ್ನು ಅಳೆಯಲು ಹೊರಟವರ ಧೈರ್ಯವನ್ನು ಮೆಚ್ಚಬೇಕು. ಮೆಚ್ಚಿಯೇ ನಾನೂ ಸೇರಿಕೊಂಡೆ.

ಅದು ಸಾವಿರದ ಒಂಬೈನೂರ ನಲವತ್ಮೂರು. ಬೊಂಬಾಯಿಯ ಧರ್ಮನಿಧಿಯೊಂದು ನಮ್ಮ ಮನಶ್ಶಾಸ್ತ್ರ ವಿಭಾಗಕ್ಕೆ ಹಣ ಕೊಟ್ಟು, ಗಂಡಂದಿರು ಯುದ್ಧಕ್ಕೆ ಹೋಗಿರುವ ಹಳ್ಳಿಯ ಹೆಂಗಸರ ಮನಸ್ಸು ಹೇಗಿದೆ ಎಂದು ತಿಳಿದು ಹೇಳಿ ಅಂದಿತ್ತು. ಹಟ್ಟಿಯೊಳಗೆ ಹೋಗಿ ಹೆಂಗಸರನ್ನು ಮಾತನಾಡಿಸಲು ಹೆಂಗಸೇ ಬೇಕಲ್ಲ, ಅದೇ ವಿಭಾಗದಲ್ಲಿ ಓದಿದ್ದ ನನಗೆ ಕೆಲಸ ಸಿಕ್ಕಿತು. ಹದಿನೈದಕ್ಕೇ ಗಂಡನನ್ನು ಕಳೆದುಕೊಂಡು, ಅಣ್ಣನ ಮನೆಯ ಅಡುಗೆಕೋಣೆಯಲ್ಲಿ ಹೊಗೆ ಕುಡಿಯುತ್ತ, ಅತ್ತಿಗೆಯ ಮುಖ ನೋಡಿಕೊಂಡು ಪುಸ್ತಕ ತೆರೆಯುತ್ತಿದ್ದವಳು ನಾನು. ಮಳವಳ್ಳಿಯಲ್ಲಿ ಸೋಮಮ್ಮನೆಂಬ ಮುದುಕಿ ತನ್ನ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟಳು. ಅದಕ್ಕೊಂದು ಬೀಗ, ಬೀಗದ ಕೈ ನನ್ನ ಸೆರಗಿನ ತುದಿಯಲ್ಲಿ. ಇಂದ್ರಮ್ಮ ಅನ್ನುವ ನನಗೆ ಅಲ್ಲಿಯವರೆಗೆ ಸ್ವಂತದ್ದು ಅಂತ ಇದ್ದದ್ದು ಆ ಹೆಸರೊಂದೇ.

ಪ್ರಶ್ನೆಗಳು ಹದಿನೆಂಟು. ವಿಭಾಗದ ಪ್ರೊಫೆಸರು ಇಂಗ್ಲಿಷಿನಲ್ಲಿ ಬರೆದು, ಕನ್ನಡ ಮಾಡಿಸಿ, ಅಚ್ಚು ಹಾಕಿಸಿದ್ದರು. ಹಳ್ಳಿಯವರಿಗೆ ಹತ್ತಿರವಾಗಲೆಂದು ಏಕವಚನ, ಚಿಕ್ಕ ವಾಕ್ಯ. "ಒಂದಕ್ಷರ ಬದಲಾಯಿಸಕೂಡದು ಇಂದ್ರಮ್ಮ. ಎಲ್ಲರನ್ನೂ ಒಂದೇ ಮಾತಿನಲ್ಲಿ ಕೇಳಿದರೇ ಅದು ಶಾಸ್ತ್ರ" ಎಂದು ತಾಕೀತು ಮಾಡಿದ್ದರು. ಏಳನೆಯ ಪ್ರಶ್ನೆ ಹೀಗಿತ್ತು: ‘ಗಂಡ ಊರಲ್ಲಿಲ್ಲವಲ್ಲ, ನೀನು ಒಂಟಿಯಾ?’ ಹೌದು ಅಥವಾ ಇಲ್ಲ, ಎರಡರಲ್ಲೊಂದಕ್ಕೆ ಗೆರೆ ಎಳೆಯಬೇಕು.

ಎಂಬತ್ನಾಲ್ಕು ಮನೆಗಳಲ್ಲಿ ಕೇಳಿದೆ. ಎಂಬತ್ನಾಲ್ಕೂ ‘ಇಲ್ಲ’. ಅದೂ ಎಂಥ ಇಲ್ಲ! ಒಬ್ಬಳು ಎಲೆಯಡಿಕೆ ಉಗಿದು ಹೇಳಿದಳು, ಇನ್ನೊಬ್ಬಳು ಕದ ಹಾಕಿಕೊಂಡು ಒಳಗಿನಿಂದ ಹೇಳಿದಳು. ಎಷ್ಟು ಗಟ್ಟಿ ಮನಸ್ಸಿನವರಪ್ಪ ಎಂದುಕೊಂಡೆ. ಪ್ರೊಫೆಸರು ಹಿರಿಹಿರಿ ಹಿಗ್ಗಿದರು. ನಮ್ಮ ಹಳ್ಳಿಯ ಹೆಣ್ಣಿಗೆ ಒಂಟಿತನವೆಂದರೇನೆಂದೇ ಗೊತ್ತಿಲ್ಲ ಎಂದು ಬೊಂಬಾಯಿಗೆ ಬರೆದರು. ಅದನ್ನೋದಿ ಅವರು ಎರಡನೆಯ ವರ್ಷಕ್ಕೂ ಹಣ ಮಂಜೂರು ಮಾಡಿದರು. ಇನ್ನೊಂದು ವರ್ಷ ಬೀಗದ ಕೈ ನನ್ನದೇ ಎಂದು ನಾನೂ ಕುಣಿದೆ.

ಆದರೆ ಸಂಜೆ ಕೋಣೆಗೆ ಬಂದು ಕೂತರೆ ಹೊಟ್ಟೆಕಿಚ್ಚಾಗುತ್ತಿತ್ತು. ಅಷ್ಟು ಹೆಂಗಸರಿಗಿಲ್ಲದ ಕಾಯಿಲೆ ನನಗೊಬ್ಬಳಿಗೇ ಏಕೆ ಬಂತು? ಬೇಕೆಂದು ಪಡೆದ ಕೋಣೆಯಲ್ಲಿ ಕೂತು, ಬೀದಿಯಲ್ಲಿ ಯಾರಾದರೂ ಯಾರನ್ನಾದರೂ ಕೂಗಿದರೆ ಎದ್ದು ಬಾಗಿಲಿಗೆ ಬರುತ್ತಿದ್ದೆ. ಓದಿ ಕೆಟ್ಟೆ ಎಂದುಕೊಂಡೆ.

ಎರಡನೆಯ ಸುತ್ತಿಗೆ ಮಳವಳ್ಳಿ ಹತ್ತಿರದ ಬಂಡೂರಿಗೆ ಹೋದಾಗ ಕುರಿ ಸಾಕುವ ದೇವಿರಮ್ಮ ನನ್ನನ್ನು ಜಗಲಿಯನ್ನೂ ಹತ್ತಗೊಡಲಿಲ್ಲ.

"ಓದ್ ಸಲ ಕೇಳಿದ್ದು ಸಾಲ್ದಾ? ಇನ್ನೊಂದ್ ದಪ ಬಯ್ಯಕ್ ಬಂದ್ಯಾ?"

"ನಾನೆಲ್ಲಿ ಬೈದೆ, ದೇವಿರಮ್ಮ?"

"ಇನ್ನೇನವ್ವ ಅದು? ಗಂಡ ಊರಲ್ಲಿಲ್ಲ, ಒಂಟ್ಯಾ ಅಂತ ಕೇಳ್ದಲ್ಲ! ಅವ್ನು ದಂಡ್ಗೋದ್ರೆ ನಾನ್ಯಾಕೆ ಯಾವನ್ ಇಂದ್ಲಾದ್ರೂ ಒಂಟೋಗ್ಲಿ? ನಮ್ ಅಟ್ಟೀಲಿ ಅಂತೋರ್ ಯಾರೂ ಇಲ್ಲ ಕಣವ್ವ!"

ನಾನು ಜಗಲಿಯ ಕೆಳಗೇ ಕೂತೆ. ಹೊರಟೆಯಾ ಎಂಬುದು ಇಲ್ಲಿಯ ಬಾಯಲ್ಲಿ ಹೊಂಟ್ಯಾ. ಹಕಾರ ಉದುರಿದರೆ ಒಂಟ್ಯಾ. ದಿನಾ ಕಿವಿಗೆ ಬೀಳುತ್ತಿದ್ದ ಮಾತೇ. ಅಚ್ಚಾದ ಕಾಗದದ ಮೇಲೆ ಕಣ್ಣಿಟ್ಟವಳಿಗೆ ಕಿವಿ ಎಲ್ಲಿ ಕೇಳಬೇಕು? ಗಂಡ ಊರಲ್ಲಿಲ್ಲ, ಮನೆ ಬಿಟ್ಟು ಹೊರಟೆಯಾ ಎಂದು ಎಂಬತ್ನಾಲ್ಕು ಮರ್ಯಾದಸ್ಥ ಹೆಂಗಸರನ್ನು ಕೇಳಿ ಬಂದಿದ್ದೆ.

ಕಾಗದವನ್ನು ಚೀಲಕ್ಕೆ ತುರುಕಿದೆ. "ಅವರಿಲ್ಲದೆ ನಿಮಗೆ ಒಬ್ಬಳೇ ಅನ್ನಿಸುತ್ತಾ? ನಾನು ಕೇಳೋಕೆ ಬಂದದ್ದು ಅದು."

ದೇವಿರಮ್ಮ ಜಗಲಿಯಿಂದ ಇಳಿದು ಬಂದಳು. ನನ್ನ ಪಕ್ಕದಲ್ಲೇ ಕೂತಳು.

"ನಾನ್ ಕರುದ್ರೆ ಕುರಿ ಬರಾಕಿಲ್ಲ ಕಣವ್ವ. ಅವ್ನು ಕರ್ಯಾ ದನಿ ಅಬ್ಯಾಸ ಅವುಕ್ಕೆ. ಅದ್ಕೇ ಅವ್ನಂಗೇ ಕರೀತೀನಿ. ಕುರಿ ಬತ್ತವೆ. ನಾನು ಬೇಲಿತಾವ್ಲೇ ನಿಂತ್ಕತೀನಿ, ಅವ್ನೇ ಎಲ್ಲೋ ಕೂಗ್ದಂಗ್ ಕೇಳ್ಸದ್ನ ಕೇಳ್ಕಂಡು. ನಮ್ಮತ್ತೆ ಉಚ್ಚಿ ಅಂತದೆ."

ನನಗೆ ಅಳು ಬಂತು. ತಡೆದುಕೊಳ್ಳಲಿಲ್ಲ. ಇದನ್ನು ಬರೆಯಲು ಆ ಕಾಗದದಲ್ಲಿ ಜಾಗವೇ ಇರಲಿಲ್ಲ.

ನಡೆದದ್ದನ್ನೆಲ್ಲ ಹೇಳಿ ಪ್ರೊಫೆಸರಿಗೆ ಕಾಗದ ಬರೆದೆನೇನೋ ನಿಜ, ಆದರೆ ಮೂರು ದಿನ ದಿಂಬಿನ ಕೆಳಗೇ ಇಟ್ಟುಕೊಂಡೆ. ಸುಮ್ಮನಿದ್ದರೆ ಕೋಣೆ ಉಳಿಯುತ್ತಿತ್ತು. ಹೇಳಿದರೆ ಅಣ್ಣನ ಮನೆಯ ಒಲೆ. ನಾನೇನು ಹರಿಶ್ಚಂದ್ರನ ವಂಶದವಳಲ್ಲ, ಮೂರು ದಿನವೂ ಸುಮ್ಮನಿರಲು ನೆಪ ಹುಡುಕಿದೆ. ಆದರೆ ಸಂಜೆಯಾದರೆ ಬೇಲಿಯ ಹತ್ತಿರ ನಿಂತ ದೇವಿರಮ್ಮ ಕಣ್ಣ ಮುಂದೆ ಬರುತ್ತಿದ್ದಳು. ಅವಳ ಹೆಸರಿನ ಮುಂದೆ ‘ಇಲ್ಲ’ ಎಂದು ಗೆರೆ ಎಳೆದದ್ದು ನನ್ನ ಕೈ. ನಾಲ್ಕನೆಯ ದಿನ ಅಂಚೆಗೆ ಹಾಕಿದೆ.

ಪ್ರೊಫೆಸರು ಬೈಯಲಿಲ್ಲ. ನೀವು ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ ಎಂದಷ್ಟೇ ಬರೆದರು. ಬೊಂಬಾಯಿಯವರು ಹಣ ನಿಲ್ಲಿಸಿದರು. ಅತ್ತಿಗೆ ಬಸುರಿ, ಕೈಗೆ ಜನ ಬೇಕು, ಬೇಗ ಬಾ ಎಂದು ಅಣ್ಣನ ಕಾರ್ಡು ಬಂತು.

ಹೊರಡುವ ದಿನ, ಪೆಟ್ರೋಲಿಗೆ ಬದಲು ಇದ್ದಿಲು ಉರಿಸಿ ಓಡುವ ಬಸ್ಸು ಬೀದಿಯ ಕೊನೆಯಲ್ಲಿ ಹೊಗೆ ಬಿಡುತ್ತ ನಿಂತಿತ್ತು. ಸೆರಗಿನಿಂದ ಬೀಗದ ಕೈ ಬಿಚ್ಚಿ, ಜಗಲಿಯ ಮೇಲೆ ಅಡಿಕೆ ಕುಟ್ಟುತ್ತಿದ್ದ ಸೋಮಮ್ಮನ ಮುಂದಿಟ್ಟೆ. ಅವಳು ತಲೆಯೆತ್ತಿ ನನ್ನ ಪೆಟ್ಟಿಗೆ ನೋಡಿದಳು.

"ಒಂಟ್ಯಾ, ಮಗ?"

ಅವಳು ಕೇಳಿದ್ದು ಏನೆಂದು ಈಗ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಆ ಮಾತನ್ನು ನಾನು ಊರವರನ್ನೆಲ್ಲ ಕೇಳಿದ್ದೆನೇ ಹೊರತು, ನನ್ನನ್ನು ಯಾರೂ ಕೇಳಿರಲಿಲ್ಲ.

"ಹೂಂ ಸೋಮಮ್ಮ," ಎಂದೆ. "ಒಂಟಿ."

"ಬಿರ್ನೆ ಓಗು ಮತ್ತೆ," ಅಂದಳು ಸೋಮಮ್ಮ, "ಬಸ್ಸು ಒಂಟೋಯ್ತದೆ."